ಕೈ ಅಡ್ಡ ಹಿಡಿದರೆ ಸಾಕು

ಗೋವಿಂದರಾಜನಗರದ ಆ ಶಿಶುವಿಹಾರದಲ್ಲಿ ಕೆಲಸ ಬಿಟ್ಟ ಮೇಲೂ ನನಗೆ ಮಧ್ಯಾಹ್ನದ ಊಟದ ಹೊತ್ತು ಆಗಾಗ ನೆನಪಾಗುತ್ತದೆ. ನೆನಪಾದಷ್ಟೂ ಅನುಮಾನ. ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು?

ಮಕ್ಕಳೇ ಸರದಿಯ ಮೇಲೆ ಬಡಿಸಲಿ ಎಂದು ಶುರುಮಾಡಿದವಳು ನಾನು. ನಾಲ್ಕೈದು ವರ್ಷದವರು, ಚಿಕ್ಕ ಪಾತ್ರೆ, ಚಿಕ್ಕ ಸೌಟು. ಎಲ್ಲರಿಗಿಂತ ಚೆನ್ನಾಗಿ ಬಡಿಸುತ್ತಿದ್ದವಳು ನಮ್ಮ ಆಯಮ್ಮನ ಮಗಳು. ಆಯಮ್ಮ ಶಾಲೆಯ ನೆಲ ಒರೆಸಿ, ಬಾತ್‌ರೂಮು ತೊಳೆಯುತ್ತಿದ್ದರು. ರಜಾದಿನಗಳಲ್ಲಿ ಮದುವೆ ಛತ್ರಗಳಲ್ಲಿ ಪಾತ್ರೆ ಉಜ್ಜಲು ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಿದ್ದರು. ಅಲ್ಲಿ ಬಾಗಿಲ ಸಂದಿಯಿಂದ ಪಂಕ್ತಿ ನೋಡಿ ಅವಳು ಎಲ್ಲ ಕಲಿತಿದ್ದಳು.

"ಅನ್ನ ಅನ್ನ ಅನ್ನ! ಸಾರು ಸಾರು ಸಾರು! ನಾಚ್ಕೋಬೇಡಿ, ಹಾಕಿಸ್ಕೊಳ್ಳಿ!"

"ಸಾಕು ಕಣೇ!" ಎಂದು ಹುಡುಗನೊಬ್ಬ ಕಿರುಚಿದರೆ, "ಮದುವೇಲಿ ಸಾಕು ಅಂದ್ರೆ ಇನ್ನೊಂದು ಸೌಟು ಕಣೋ" ಎಂದು ಸುರಿದುಬಿಡುತ್ತಿದ್ದಳು. ಹಾಗಾಗಿ ನಾನೊಂದು ನಿಯಮ ಮಾಡಿದೆ: ತಟ್ಟೆಗೆ ಕೈ ಅಡ್ಡ ಹಿಡಿದರೆ ಯಾರೇ ಆಗಲಿ ನಿಲ್ಲಿಸಬೇಕು. ಒಂದೆರಡು ದಿನ ಮುಖ ಊದಿಸಿಕೊಂಡಳು, ಆಮೇಲೆ ಒಪ್ಪಿದಳು.

ಒಂದು ದಿನ ಮೊಮ್ಮಗನನ್ನು ಬೇಗ ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು ನೋಡಿದರು.

"ಎಷ್ಟು ಚುರುಕಾಗಿದೆ! ಯಾರ ಮಗು ಮಿಸ್ ಅದು?"

"ನಮ್ಮ ಆಯಮ್ಮಂದು."

"ಓ" ಎಂದರು. ಮೊಮ್ಮಗನ ತಟ್ಟೆ ನೋಡಿದರು. ನೋಡಿದರು ಎಂದೇ ನನ್ನ ನೆನಪು.

ಮರುದಿನ ಬೆಳಿಗ್ಗೆ ಶಾಲೆಯ ಮುಖ್ಯಸ್ಥೆ ನನ್ನನ್ನು ಕರೆದರು. "ಬಿಸಿ ಸಾರು, ಮಕ್ಕಳ ಕೈಗೆ ಬೇಡಮ್ಮ."

"ಆರಿಸೇ ಕೊಡ್ತೀವಲ್ಲ ಮೇಡಂ?"

"ಗೊತ್ತು. ಮನೆಯವರು ಕೇಳ್ತಾರೆ. ಆಯಮ್ಮನ ಮಗಳೊಬ್ಬಳನ್ನೇ ಬೇಡ ಅನ್ನೋಕಾಗುತ್ತಾ? ಚೆನ್ನಾಗಿರಲ್ಲ. ಅದಕ್ಕೇ ಯಾರೂ ಬೇಡ."

ಅವರ ದನಿಯಲ್ಲಿ ಕೆಡುಕಿರಲಿಲ್ಲ. ಒಂದು ಮಗುವನ್ನು ಅವಮಾನದಿಂದ ಉಳಿಸಿದೆ ಎಂದು ಅವರು ನಿಜವಾಗಿಯೂ ನಂಬಿದ್ದರೇನೋ.

ಅಂದು ಅವಳದೇ ಸರದಿ. ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ಪಾತ್ರೆಯ ಪಕ್ಕ ಬಂದು ನಿಂತಳು.

"ಇನ್ಮೇಲೆ ಮಿಸ್‌ಗಳೇ ಬಡಿಸ್ತಾರೆ ಪುಟ್ಟಿ."

"ನಾನು ಚೆಲ್ಲಿದ್ನಾ ಮಿಸ್?"

ಈ ಮಾತನ್ನು ಅವಳೇ ಆಡಿದಳೋ, ಅವಳ ಮುಖ ನೋಡಿ ನಾನೇ ಕೇಳಿಸಿಕೊಂಡೆನೋ, ಈಗ ಹೇಳಲಾರೆ. ಆಯಮ್ಮನ ಮಾತು ಮಾತ್ರ ಖಚಿತ. ನೆಲ ಒರೆಸುವ ಬಟ್ಟೆ ಹಿಂಡುತ್ತಾ, ತಲೆ ಎತ್ತದೆ ಅಂದರು: "ಹೋಗಿ ಕೂತ್ಕೊಳ್ಳೇ. ಮಿಸ್ ಬೇಡ ಅಂದ್ರೆ ಬೇಡ."

ನಾನು ಬಡಿಸಲು ಹೊರಟೆ. ಸಾಲು ಎಂದಿಗಿಂತ ಸುಮ್ಮನಿತ್ತು.

"ಮಿಸ್, ನೀವು ಕೂಗ್ತಾನೇ ಇಲ್ಲ" ಎಂದ, ಅದೇ ಸಾಕು ಸಾಕು ಎನ್ನುತ್ತಿದ್ದ ಹುಡುಗ. "ಅನ್ನ ಅನ್ನ ಅನ್ನಿ."

ಅವನ ತಟ್ಟೆಗೆ ಒಂದು ಸೌಟು ಹಾಕಿ ಮುಂದೆ ಸರಿದೆ.

ಸಾಲಿನ ಕೊನೆಗೆ ಅವಳು. ತಟ್ಟೆಯಲ್ಲಿ ಒಂದು ಅಗುಳೂ ಇರಲಿಲ್ಲ. ನಾನು ಬಗ್ಗುವ ಮೊದಲೇ ಎರಡೂ ಕೈ ಅಡ್ಡ ಹಿಡಿದಳು.

"ಸ್ವಲ್ಪ, ಪುಟ್ಟಿ."

ಕೈ ಸರಿಯಲಿಲ್ಲ. ಸೌಟು ಹಿಡಿದು ಅಲ್ಲೇ ನಿಂತೆ. ಇನ್ನೂ ತೇವವಾಗಿದ್ದ ಆ ಪುಟ್ಟ ಬೆರಳುಗಳ ಸಂದಿಯಲ್ಲಿ ತಟ್ಟೆಯ ಸ್ಟೀಲು ಹೊಳೆಯುತ್ತಿತ್ತು. ನಂತರ, ನಿಯಮದಂತೆ, ಸೌಟನ್ನು ಪಾತ್ರೆಗೆ ಇಳಿಸಿದೆ.