ಬಾನೆಟ್ ಮೇಲಿನ ಅಂಗೈ

ವಾಡಿ ಊರಿನ ಆ ಮೆಕ್ಯಾನಿಕ್ ಯಾವ ಕಾರು ನೋಡಲು ಬಂದರೂ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ, "ಬಿಸಿ ಇಂಜಿನ್ ಖರೇ ಹೇಳಂಗಿಲ್ರಿ" ಎಂದು ಹೊರಟುಬಿಡುತ್ತಿದ್ದರು.

ನಮ್ಮ ಕಾರು ಮುಂಜಾನೆ ಚಾಲೂ ಮಾಡಿದೊಡನೆ ಗಡಗಡ ನಡುಗಿ ಬಂದ್ ಬೀಳುತ್ತಿತ್ತು. ಬಿಸಿಯೇರಿದ ಮೇಲೆ ಸರಿಹೋಗುತ್ತಿತ್ತು. ಮಾರಿಬಿಡೋಣವೆಂದು ಹೆಂಡತಿ ಹಟ ಹಿಡಿದಿದ್ದಳು. ಆ ಮೆಕ್ಯಾನಿಕ್‌ರನ್ನು ಮನೆಗೆ ಕರೆಸಿದ ದಿನ, ಅವರಿಗೆ ತೊಂದರೆಯಾಗದಿರಲೆಂದು ನಾನು ಮೊದಲೇ ಗಾಡಿ ಚಾಲೂ ಮಾಡಿಟ್ಟೆ. ಅವರು ಬಾನೆಟ್ ಮುಟ್ಟಿ ನೋಡಿ, ಚಹಾ ಸಹ ಕುಡಿಯದೆ ಹೋದರು.

ಮರುದಿನ ನಾನು ಚಾವಿ ಮುಟ್ಟಲಿಲ್ಲ. ಅವರೇ ಬಂದು ಚಾಲೂ ಮಾಡಿದರು. ಇಂಜಿನ್ ನಡುಗುತ್ತಿರುವಾಗಲೇ ಒಂದು ರಬ್ಬರ್ ಪೈಪಿನ ಸೀಳಿಗೆ ಒದ್ದೆ ಹೆಬ್ಬೆರಳು ಒತ್ತಿದರು. ನಡುಕ ನಿಂತಿತು.

"ಇಲ್ಲೇ ಗಾಳಿ ಎಳ್ಯಾಕತ್ತದ. ಬಿಸಿ ಆದ್ರ ರಬ್ಬರ್ ಮೆತ್ತಗಾಗಿ ತಾನೇ ಮುಚ್ಚಿಕೊಂತದ," ಎಂದರು.

ಒಳಗಿನಿಂದ ಹೆಂಡತಿ ಕೂಗಿದಳು: "ಮತ್ತ ಬಂದ್ ಬಿತ್ತೇನ್ರಿ?"

ಬೆರಳು ತೆಗೆಯದೆ ಅವರೇ ಉತ್ತರಿಸಿದರು: "ಇಲ್ರಿ ಅಕ್ಕಾರ, ಚಾಲೂನೇ ಅದ. ಇವತ್ತ ಚಹಾ ಇಡ್ರಿ."