ಫಳಫಳ ಹೊಳೆದ ಗೇರ್ ಡಬ್ಬಿ

ಮನೆಮನೆಗೆ ಬ್ರೆಡ್ಡು ಹಾಕುವ ಬ್ರೆಡ್ಡಕ್ಕನ ಸೈಕಲ್ಲು ಕೈಕೊಟ್ಟಿದ್ದು ಏರುಬೀದಿಯ ನಟ್ಟನಡುವೆ. ಹಿಂದಿನ ಚಕ್ರದೊಳಗಿನ ಮುಷ್ಟಿಗಾತ್ರದ ಗೇರ್ ಡಬ್ಬಿ ಕಟಕ್ ಅಂತು, ಅಷ್ಟೇ. ಪೆಡಲ್ಲು ಸುಮ್ಮನೆ ಗಿರಗಿರ ತಿರುಗತೊಡಗಿತು. ಬ್ರೆಡ್ಡಿನ ಪೆಟ್ಟಿಗೆ ಹೊತ್ತು, ಗೇರಿಲ್ಲದೆ ಆ ಏರು ಹತ್ತುವ ಗಂಡು ಇನ್ನೂ ಹುಟ್ಟಿಲ್ಲ, ಗೇರಿದ್ದು ಹತ್ತುವ ಹೆಣ್ಣಂತೂ ಇವಳೊಬ್ಬಳೇ.

ಮೂಲೆಯಂಗಡಿಯ ರಿಪೇರಿಯವನು ಡಬ್ಬಿ ಬಿಚ್ಚಿ ಕೈಗಿಟ್ಟ. "ಇದರ ಹೊಟ್ಟೆ ಕಂಪನಿಯವರೇ ಕುಯ್ಯಬೇಕು ಅಕ್ಕ. ನಾನು ಮುಟ್ಟಿದ್ರೆ ವಾರಂಟಿ ಗೋವಿಂದ!" ತಳ್ಳಿಕೊಂಡು ಓಡಾಡಲಿಕ್ಕೆ ಒಂದು ಹಳೇ ಚಕ್ರ ಹಾಕಿಕೊಟ್ಟ.

ಕೊಳಕು ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವ ಜಾಯಮಾನ ಬ್ರೆಡ್ಡಕ್ಕನದಲ್ಲ. ಕಸದ ಗಾಡಿಗೆ ಹಾಕುವ ಡಬ್ಬವನ್ನೂ ತೊಳೆದೇ ಹಾಕುವವಳು. ಗೇರ್ ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿದಳು, ಒರೆಸಿದಳು, ಫಳಫಳ ಹೊಳೆಯುವಂತೆ ಮಾಡಿದಳು. ದರ್ಜಿ ಗಂಡನ ಚಿಂದಿ ಬುಟ್ಟಿಯಿಂದ ಹಳದಿ ಹೂವಿನ ಬಟ್ಟೆಯ ತುಂಡೊಂದನ್ನು ಎಳೆದು ಸುತ್ತಿ ಕಂಪನಿಗೆ ಕಳಿಸಿದಳು.

"ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗಿದೆ!" ಅಂತ ಗಂಡ ನಕ್ಕ.

ಹೋದದ್ದು ಹೋಯಿತು, ಸುದ್ದಿಯೇ ಇಲ್ಲ. ಫೋನು ಮಾಡಿದರೆ "ಆಗ್ತಾ ಇದೆ ಮೇಡಂ" ಅನ್ನುವುದು, ಸಂಗೀತ ಹಾಕಿ ಮಾಯವಾಗುವುದು. ಅಷ್ಟರಲ್ಲಿ ಬೇಕರಿ ಯಜಮಾನ ಮುಖ ಗಂಟಿಕ್ಕಿದ. "ನೀವು ತಳ್ಳಿಕೊಂಡು ಹೋಗೋಷ್ಟರಲ್ಲಿ ಬ್ರೆಡ್ಡು ತಣ್ಣಗಾಗುತ್ತೆ ಅಕ್ಕ. ತಿಂಗಳ ಕೊನೇವರೆಗೆ ನೋಡ್ತೀನಿ. ಆಮೇಲೆ ಏರುಬೀದಿ ಸ್ಕೂಟರಿನವನಿಗೆ."

ಬ್ರೆಡ್ಡಕ್ಕ ಮದುವೆಯಾದ ಹೊಸತರಲ್ಲಿ ಹಿಡಿದ ಬೀದಿ ಅದು. ಯಾವ ಮನೆಯಲ್ಲಿ ಮಗು ಮಲಗಿದೆ, ಎಲ್ಲಿ ಬೆಲ್ಲು ಬಾರಿಸಬಾರದು, ಯಾವ ನಾಯಿಯನ್ನು ಮೊದಲು ಮಾತಾಡಿಸಬೇಕು, ಎಲ್ಲ ಬಾಯಿಪಾಠ. ಬಿಟ್ಟುಕೊಡುವುದಾ? ನೋಡೇ ಬಿಡೋಣ! ಮಂಡಿ ಬಾತುಕೊಂಡರೂ ತಳ್ಳಿದಳು.

ತಿಂಗಳು ಮುಗಿಯುತ್ತ ಬಂತು. ಕಂಪನಿಗೇ ಹೋಗಿ ಬರಲು ಅವಳು ಒಂದು ದಿನ ರಜೆ ಕೇಳಿದಳು.

"ಇವತ್ತು ಸ್ಕೂಟರಿನವನು ಹೋದ್ರೆ ನಾಳೆಯೂ ಅವನೇ. ಯೋಚನೆ ಮಾಡಿ," ಅಂದ ಯಜಮಾನ.

"ಮಾಡಿದ್ದಾಯ್ತು," ಅಂದವಳೇ ಬಸ್ಸು ಹತ್ತಿದಳು.

ಕಂಪನಿಯ ಕೌಂಟರಿನ ಹುಡುಗಿ ತಲೆಯೆತ್ತದೆ, "ಸಾಲಿನಲ್ಲಿದೆ, ಹೋಗಿ ಬನ್ನಿ," ಅಂದಳು.

"ಹೋಗೋದೂ ಇಲ್ಲ, ಬರೋದೂ ಇಲ್ಲ ಕಣಮ್ಮ. ಡಬ್ಬಿ ಸಿಗೋವರೆಗೆ ಈ ಬೆಂಚು ನಂದು."

ಊಟದ ಹೊತ್ತಿಗೆ ಒಳಗಿನ ಬಾಗಿಲು ತೆರೆಯಿತು. ಅಲ್ಲೊಂದು ಕಪಾಟು, ಕಪಾಟಿನ ತುದಿಯಲ್ಲಿ ಹಳದಿ ಹೂವಿನ ಬಟ್ಟೆ!

"ಅಯ್ಯೋ, ಅದು ನಂದೇ!" ಬ್ರೆಡ್ಡಕ್ಕ ಒಳಗೇ ನುಗ್ಗಿದಳು.

"ಅದು ರಿಪೇರಿ ಆಗಿರೋದರ ಕಪಾಟಮ್ಮ," ಅನ್ನುತ್ತ ಹಿರಿಯ ಮೆಕ್ಯಾನಿಕ್ಕು ಡಬ್ಬಿ ತಿರುಗಿಸಿದ. ಕಟಕ್! ಅವನ ಮುಖ ಸಪ್ಪಗಾಯಿತು. "ಇಲ್ಲಿಗೆ ಬರೋದೆಲ್ಲ ಗ್ರೀಸು ಮೆತ್ಕೊಂಡೇ ಬರುತ್ತೆ. ಹೊಳೆಯೋದು ರಿಪೇರಿ ಆದಮೇಲೇನೇ. ಇದನ್ನ ನೋಡಿ, ಆಗಿದೆ ಅಂತ ಇಟ್ಟುಬಿಟ್ಟಿದ್ದೀವಿ. ಬಿಚ್ಚೇ ಇಲ್ಲ."

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆನಲ್ಲ! ಬ್ರೆಡ್ಡಕ್ಕನಿಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿ ಸ್ಟೂಲು ಎಳೆದು ಕೂತಳು. "ತಪ್ಪು ಅರ್ಧ ನಂದು, ಅರ್ಧ ನಿಮ್ಮದು. ಈಗ ಬಿಚ್ಚಿ, ನನ್ನ ಕಣ್ಣೆದುರೇ." ಮೆಕ್ಯಾನಿಕ್ಕು ಬಿಚ್ಚಿ ರಿಪೇರಿ ಮಾಡಿಕೊಟ್ಟ. ಸಂಜೆ ಮೂಲೆಯಂಗಡಿಯವನು ಅದನ್ನು ಸೈಕಲ್ಲಿಗೆ ಕೂರಿಸಿಕೊಟ್ಟ.

ಮರುದಿನ ಸ್ಕೂಟರಿನವನು ಬೇಕರಿಗೆ ಬರುವಷ್ಟರಲ್ಲಿ ಬ್ರೆಡ್ಡಕ್ಕ ಪೆಟ್ಟಿಗೆ ತುಂಬಿ ಸೈಕಲ್ಲೇರಿ ಕೂತಿದ್ದಳು.

"ಅಕ್ಕಾ, ಅವನಿಗೆ ಮಾತು ಕೊಟ್ಟಿದ್ದೀನಿ..." ಯಜಮಾನ ರಾಗ ಎಳೆದ.

"ನನಗೂ ಕೊಟ್ಟಿದ್ರಿ. ತಿಂಗಳು ಇನ್ನೂ ಮುಗಿದಿಲ್ಲ!"

ಬ್ರೆಡ್ಡಕ್ಕ ಒಂದೇ ಉಸಿರಿಗೆ ಏರು ಹತ್ತಿದಳು. ತುತ್ತತುದಿಯ ಮನೆಯ, ಕಣ್ಣು ಕಾಣದ ಅಜ್ಜಿ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದಳು. ಬ್ರೆಡ್ಡನ್ನು ಕೆನ್ನೆಗೆ ಒತ್ತಿಕೊಂಡಳು.

"ಬಿಸಿ ಇದೆ. ಸೈಕಲ್ಲು ಸರಿಹೋಯ್ತೇನೇ?"

"ನಿಮಗೆ ಯಾರು ಹೇಳಿದ್ರು ಅಜ್ಜಿ, ಕೆಟ್ಟಿತ್ತು ಅಂತ?"

"ಯಾರು ಹೇಳಬೇಕು? ದಿನಾ ತಣ್ಣಗಿರೋದು. ನೀನು ಏದುಸಿರು ಬಿಡೋದು ಬೇರೆ ಕೇಳಿಸ್ತಿತ್ತು. ತಣ್ಣಗಿದೆ ಅಂದುಬಿಟ್ರೆ ನೀನು ಬರೋದೇ ಬಿಟ್ಟುಬಿಡ್ತೀಯೇನೋ ಅಂತ ಬಾಯಿ ಮುಚ್ಕೊಂಡಿದ್ದೆ ಕಣೇ."