ನೈರೋಬಿಯ ಮೇಜಿನ ಮುಂದೆ ತಲೆಯಾಡಿಸಿದ್ದು

ನೈರೋಬಿ ವಿಮಾನ ನಿಲ್ದಾಣದ ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದೆ. ನಮ್ಮ ಮನೆಯವರು ಇಲ್ಲಿನ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಮೈಸೂರು ಬಿಡುವ ಮುಂಚೆಯೇ ಫೋನಿನಲ್ಲಿ ಎಚ್ಚರಿಸಿದ್ದರು: "ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನ್ನ ಟೀಚರ್ ಕೆಲಸದ ಪರ್ಮಿಟ್ ಇನ್ನೂ ಬಂದಿಲ್ಲ. ಒಂದು ಮಾತು ಹೆಚ್ಚುಕಮ್ಮಿ ಆದ್ರೆ ವಾಪಸ್ ಕಳಿಸಿಬಿಡ್ತಾರೆ."

ಅಧಿಕಾರಿ ಪಾಸ್‌ಪೋರ್ಟ್ ತಿರುವುತ್ತಾ ನನ್ನ ಉದ್ಯೋಗ ಕೇಳಿದ. ಇಂಗ್ಲಿಷ್ ಟೀಚರ್ ಎಂದೆ.

"ಇಲ್ಲೂ ಪಾಠ ಮಾಡ್ತೀರಾ?"

ವರ್ಷಗಟ್ಟಲೆ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಿಗೆ ಒಂದು ಪದವೂ ಹೊಳೆಯಲಿಲ್ಲ. ತಲೆ ಮಾತ್ರ ತನ್ನಷ್ಟಕ್ಕೆ ಆ ಭುಜದಿಂದ ಈ ಭುಜಕ್ಕೆ ವಾಲಾಡಿತು.

ಮುದ್ರೆ ಹಿಡಿದಿದ್ದ ಅವನ ಕೈ ನಿಂತಿತು. "ಮೇಡಂ, ಇದು ಹೌದೋ, ಅಲ್ಲವೋ?"

"ಪರ್ಮಿಟ್ ಬಂದ ಮೇಲೆ ಮಾತ್ರ, ಸರ್. ಈಗ ಗಂಡನ ಹತ್ತಿರ ಬಂದಿದ್ದೀನಿ."

ಅವನು ನಗಲಿಲ್ಲ. "ನನ್ನ ಡಾಕ್ಟರೂ ನಿಮ್ಮ ದೇಶದವರೇ. ಆಪರೇಷನ್ ಆದ್ಮೇಲೆ ಸರಿಹೋಗುತ್ತಾ ಅಂತ ಕೇಳಿದ್ರೆ ಹೀಗೇ ಮಾಡಿದ್ರು," ಎಂದು ಥೇಟ್ ನನ್ನ ಹಾಗೆಯೇ ತಲೆಯಾಡಿಸಿ ತೋರಿಸಿದ. "ಅವತ್ತು ನನಗೆ ನಿದ್ದೆಯೇ ಬರಲಿಲ್ಲ."

ಟಪ್ಪೆಂದು ಮುದ್ರೆ ಬಿತ್ತು. "ಕರಿಬು," ಎಂದು ಸ್ವಾಗತಿಸಿದ. "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ, ಆದರೆ ಮತ್ತೆ ತಲೆಯೇ ವಾಲಾಡಿತು.

ಹೊರಗೆ ನಮ್ಮವರು ನನ್ನ ಸೂಟ್‌ಕೇಸನ್ನು ಟ್ಯಾಕ್ಸಿಗೆ ಹಾಕುತ್ತಿದ್ದರು.

"ರೀ, ನಂಗಿಲ್ಲಿ ಒಗ್ಗುತ್ತೇನ್ರೀ?"

ಅವರು ತಲೆಯಾಡಿಸಿದರು. ಮದುವೆಯಾದಂದಿನಿಂದ ನೋಡಿಕೊಂಡು ಬಂದ ತಲೆಯಾಟ. ಅದು ಹೌದೋ, ಅಲ್ಲವೋ, ನನಗೆ ತಿಳಿಯಲಿಲ್ಲ.